ಇನ್‌ಕ್ಲೂಡ್‌ಗೂ ‘ಸೇರಿಸು’, ಲಿಂಕ್‌ಗೂ ‘ಸೇರಿಸು’?

ಗೆಳೆಯರೇ, ನಮಸ್ಕಾರ.

ಲಿನಕ್ಸ್‌ನಲ್ಲಿ ಸಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲೈಬ್ರರಿಗಳ (ಮೊದಲೇ ಬರೆದಿಟ್ಟ ಕೋಡಿನ ಸಂಗ್ರಹಗಳ) ಅಧ್ಯಾಯದಲ್ಲಿ ಒಂದು ಪದ ತೊಡಕಾಗಿದೆ. ಹೆಡರ್ ಇನ್‌ಕ್ಲೂಡ್ ಮಾಡುವುದಕ್ಕೂ ಲೈಬ್ರರಿ ಲಿಂಕ್ ಮಾಡುವುದಕ್ಕೂ ನಾವು ‘ಸೇರಿಸು’ ಅಂತಲೇ ಹೇಳುತ್ತೇವೆ, ಅಲ್ವಾ? ಮಾತಿನಲ್ಲಿ ನಡೆಯುತ್ತದೆ. ಪಾಠದಲ್ಲಿ ಇದು ದಾರಿ ತಪ್ಪಿಸುತ್ತದೆ.

ವರ್ಗಮೂಲ ಹುಡುಕುವ ಪುಟ್ಟ ಪ್ರೋಗ್ರಾಮ್ ತಗೊಳ್ಳಿ. ಮೇಲೆ ಮ್ಯಾತ್.ಎಚ್ ಎಂಬ ಹೆಡರ್ ಇದೆ, ಒಳಗೆ ವರ್ಗಮೂಲದ ಫಂಕ್ಷನ್ ಎಸ್‌ಕ್ಯೂಆರ್‌ಟಿ ಕರೆದಿದ್ದಾರೆ. ಆದರೂ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಎರರ್ ಬರುತ್ತದೆ. ‘ಸೇರಿಸಿದ್ದೀನಲ್ಲ!’ ಅನ್ನುತ್ತಾರೆ ಹುಡುಗರು. ಅವರ ಮಾತು ಸರಿಯೇ. ಆದರೆ ಸೇರಿಸಿದ್ದು ಹೆಡರನ್ನು. ಅದರಲ್ಲಿರುವುದು ಫಂಕ್ಷನ್ನಿನ ಹೆಸರು, ಅದು ಏನು ತಗೊಂಡು ಏನು ಕೊಡುತ್ತದೆ ಅನ್ನುವ ವಿವರ, ಅಷ್ಟೇ. ಲೆಕ್ಕ ಮಾಡುವ ಕೋಡ್ ಇರುವುದು ಲಿಬ್‌ಎಂ ಎಂಬ ಬೇರೆ ಫೈಲಿನಲ್ಲಿ. ಅದಕ್ಕೆ ಕಂಪೈಲ್ ಮಾಡುವ ಕಮ್ಯಾಂಡಿನ ಕೊನೆಯಲ್ಲಿ ‘-ಎಲ್‌ಎಂ’ ಅಂತ ಹಾಕಬೇಕು. ‘ಲಿಬ್’ ಬಿಟ್ಟು ಉಳಿದ ಹೆಸರನ್ನು ‘-ಎಲ್’ಗೆ ಅಂಟಿಸುವುದು ರೂಢಿ. ಕೊನೆಯಲ್ಲೇ ಯಾಕೆ? ಲಿಂಕರ್ (ಕೋಡಿನ ತುಂಡುಗಳನ್ನು ಒಂದಾಗಿಸುವ ಪ್ರೋಗ್ರಾಮ್) ಆ ಕಮ್ಯಾಂಡನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಯಾವ ಹೆಸರು ಬೇಕು ಅಂತ ಗೊತ್ತಾಗುವ ಮೊದಲೇ ಲೈಬ್ರರಿ ಎದುರಾದರೆ ಅದನ್ನು ಬಿಟ್ಟು ಮುಂದೆ ಹೋಗಬಹುದು.

ಸಂಖ್ಯೆಯನ್ನು ನೇರವಾಗಿ 2.0 ಅಂತ ಕೊಟ್ಟರೆ ಜಿಸಿಸಿ ಕಂಪೈಲರ್ ಉತ್ತರವನ್ನು ತಾನೇ ಲೆಕ್ಕ ಹಾಕಿ ಇಟ್ಟುಬಿಡುತ್ತದೆ. ಆಗ ‘-ಎಲ್‌ಎಂ’ ಇಲ್ಲದೆಯೂ ಕೆಲಸ ಆಗುತ್ತದೆ. ಹುಡುಗರ ಗೊಂದಲ ಇನ್ನೂ ಜಾಸ್ತಿ ಆಗುವುದು ಇಲ್ಲೇ.

ಯಾವ ಲೈಬ್ರರಿ ಅಂತ ತಿಳಿಯಲು ‘ಮ್ಯಾನ್ 3 ಎಸ್‌ಕ್ಯೂಆರ್‌ಟಿ’ ಎಂಬ ಕಮ್ಯಾಂಡ್ ಕೊಟ್ಟು ಅದರ ಕೈಪಿಡಿ ಪುಟ ನೋಡಿದರೆ ಸಾಕು. ಪಿಎನ್‌ಜಿ ತರಹದ ಹೊರಗಿನ ಲೈಬ್ರರಿಗಾದರೆ ‘ಪಿಕೆಜಿ-ಕಾನ್ಫಿಗ್ --ಲಿಬ್ಸ್ ಲಿಬ್‌ಪಿಎನ್‌ಜಿ’ ಎಂಬ ಕಮ್ಯಾಂಡ್ ಕೊಟ್ಟು ಕೇಳಬೇಕು. ಹಳೆಯ ಪಾಠಗಳಲ್ಲಿ ಥ್ರೆಡ್ ಲೈಬ್ರರಿಗೆ ಹಾಕುತ್ತಿದ್ದ ‘-ಎಲ್‌ಪಿಥ್ರೆಡ್’ ಹೊಸ ಲಿನಕ್ಸ್‌ಗಳಲ್ಲಿ ಬೇಕಿಲ್ಲ. 2021ರ ಗ್ಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) 2.34ರಿಂದ ಆ ಕೋಡ್ ಅದರ ಮುಖ್ಯ ಫೈಲಾದ ಲಿಬ್‌ಸಿ ಒಳಗೇ ಇದೆ.

ಈಗ ನನ್ನ ಪ್ರಶ್ನೆ. ಇನ್‌ಕ್ಲೂಡ್‌ಗೆ ‘ಸೇರಿಸು’ ಇರಲಿ. ಲಿಂಕ್‌ಗೆ ಏನು? ‘ಬೆಸೆ’ ನನಗೆ ತುಂಬಾ ಇಷ್ಟ. ಆದರೆ ಅದು ಸ್ಟ್ಯಾಟಿಕ್ ಲೈಬ್ರರಿಗೆ ಮಾತ್ರ ಹೊಂದುತ್ತದೆ. ಅಲ್ಲಿ ಕೋಡ್ ನಿಜವಾಗಿ ನಮ್ಮ ಫೈಲಿನೊಳಗೆ ಬಂದು ಕೂರುತ್ತದೆ. ಶೇರ್ಡ್ ಲೈಬ್ರರಿಯಲ್ಲಿ ಹಾಗಲ್ಲ. ಫೈಲಿನಲ್ಲಿ ಅದರ ಹೆಸರು ಬರೆದಿಟ್ಟಿರುತ್ತದೆ, ಪ್ರೋಗ್ರಾಮ್ ಓಡುವಾಗ ಲೋಡರ್ ಹುಡುಕಿ ತರುತ್ತದೆ. ‘ಕೊಂಡಿ ಹಾಕು’ ಇದಕ್ಕೆ ಸರಿ, ಆದರೆ ಕೊಂಡಿ ಅಂದರೆ ಈಗ ಎಲ್ಲರಿಗೂ ವೆಬ್ ಪುಟವೇ ನೆನಪಾಗುತ್ತದೆ. ‘ಜೋಡಿಸು’ ಎರಡಕ್ಕೂ ಆದೀತು. ನನ್ನ ಒಲವು ಅದರ ಕಡೆಗೇ.

ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ? ಸುಮ್ನೆ ‘ಲಿಂಕ್ ಮಾಡು’ ಅಂತ ಬಿಟ್ಟರೂ ನನ್ನ ಅಭ್ಯಂತರವಿಲ್ಲ, ‘ಸೇರಿಸು’ ಮಾತ್ರ ಬೇಡ. ಹಾಗೆಯೇ ಆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎರರ್‌ಗೆ ‘ವ್ಯಾಖ್ಯಾನವಿಲ್ಲದ ಉಲ್ಲೇಖ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಹೆಸರಿದೆ, ಕೋಡ್ ಸಿಗಲಿಲ್ಲ’ ಅಂತ ಬರೆಯಬಹುದೇ?