ಮೂಳೆ ಡಾಕ್ಟರನ್ನು ಕೇಳಿ: ಸೊಂಟದ ಮುರಿತ (ಮೈಸೂರು–ಮಂಡ್ಯ ಗುಂಪು)

ಕುವೆಂಪುನಗರ: ಸರ್, ಅಪ್ಪನಿಗೆ 78. ನಿನ್ನೆ ಬಿದ್ದು ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿನ ಹತ್ತಿರದ ಭಾಗ, ಮುರಿದಿದೆ. ಈ ವಯಸ್ಸಿಗೆ ಆಪರೇಷನ್ ಬೇಕಾ?

ಡಾಕ್ಟರ್: ವಯಸ್ಸಾಗಿದೆ ಅಂತಲೇ ಬೇಕು. ಮಲಗಿಸಿಟ್ಟರೆ ನ್ಯುಮೋನಿಯಾ, ಬೆನ್ನುಹುಣ್ಣು, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು ಶುರು. 48 ಗಂಟೆಯೊಳಗೆ ಆದರೆ ಒಳ್ಳೆಯದು.

ಮದ್ದೂರು: ನಮ್ಮತ್ತೆಗೆ 70. ಬಚ್ಚಲಲ್ಲಿ ಜಾರಿ ಐದು ದಿನ ಆಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಗೋಡೆ ಹಿಡಿದು ನಡೆಯುತ್ತಾರೆ. ಆದರೆ ತೊಡೆಸಂದಿ ನೋವು ಹೋಗಿಲ್ಲ.

ಡಾಕ್ಟರ್: ಇದು ನನಗೆ ಭಯ ಹುಟ್ಟಿಸುತ್ತಿದೆ ಅಮ್ಮಾ. ನಡೆಯುತ್ತಾರೆ ಅಂದಮಾತ್ರಕ್ಕೆ ಮೂಳೆ ಮುರಿದಿಲ್ಲ ಅನ್ನುವಂತಿಲ್ಲ. ತೊಡೆಮೂಳೆಯ ಕುತ್ತಿಗೆ ಬಿರುಕು ಬಿಟ್ಟು, ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗುವುದುಂಟು. ಎಂಆರ್‌ಐ ಮಾಡಿಸಿ, ಆಗದಿದ್ದರೆ ಸಿಟಿ. ಈಗಲೇ ಗೊತ್ತಾದರೆ ಸ್ಕ್ರೂ ಹಾಕಿ ಹಿಡಿಸಬಹುದು. ಮೂಳೆ ಜರುಗಿತೋ, ಅದರ ತಲೆಗೆ ಹೋಗುವ ರಕ್ತನಾಳಕ್ಕೆ ಪೆಟ್ಟು. ಆಮೇಲೆ ತಲೆಯನ್ನೇ ತೆಗೆದು ಲೋಹದ್ದು ಕೂರಿಸಬೇಕಾದೀತು. ಸ್ಕ್ಯಾನ್ ಫಲಿತಾಂಶ ಬರುವವರೆಗೆ ಆ ಕಾಲಿನ ಮೇಲೆ ಭಾರ ಹಾಕಿಸಲೇಬೇಡಿ. ಮಂಡ್ಯ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ಇವತ್ತೇ ಹೊರಡಿ.

ಕೆ.ಆರ್.ಪೇಟೆ: ಸುಮ್ನೆ ಯಾಕೆ ಖರ್ಚು? ನಾಟಿ ಕಟ್ಟು ಹಾಕಿಸಿ. ಮಂಗರಬಳ್ಳಿ ಚಟ್ನಿ ತಿಂದರೆ 21 ದಿನಕ್ಕೆ ಮೂಳೆ ಕೂಡುತ್ತದಂತೆ, ಫಾರ್ವರ್ಡ್ ಬಂದಿದೆ.

ಡಾಕ್ಟರ್: ಸೊಂಟದ ಕೀಲು ಮಾಂಸದ ಆಳದಲ್ಲಿದೆ. ಯಾವ ಕಟ್ಟೂ ಅದನ್ನು ಹಿಡಿಯುವುದಿಲ್ಲ. ತಿಂಗಳು ಕಳೆದು ಕಟ್ಟಿನ ಸಮೇತ ಬರುವವರನ್ನು ನೋಡಿ ಸಾಕಾಗಿದೆ. ಆ ಫಾರ್ವರ್ಡ್ ಅಳಿಸಿ.

ಕೆ.ಆರ್.ಪೇಟೆ: ನಮ್ಮ ತಾತನ ಕೈ ಕಟ್ಟಿನಲ್ಲೇ ಸರಿಹೋಯಿತು.

ಸರಸ್ವತಿಪುರಂ: ಕೈ ಬೇರೆ, ಸೊಂಟ ಬೇರೆ ಸ್ವಾಮಿ. ನಮ್ಮಜ್ಜಿಗೂ ಕಟ್ಟು ಹಾಕಿಸಿದೆವು. ಮತ್ತೆ ಎದ್ದು ಓಡಾಡಲೇ ಇಲ್ಲ.

ಕೆ.ಆರ್.ಪೇಟೆ: ಆಪರೇಷನ್ ಆಗಿ ತೀರಿಹೋದವರೂ ಇದ್ದಾರಲ್ಲ?

ಸರಸ್ವತಿಪುರಂ: ಅದಕ್ಕೆ ಎಲ್ಲರನ್ನೂ ಹಾಸಿಗೆಗೆ ಹಾಕಬೇಕಾ? ನಮ್ಮ ಮನೆಯ ನೋವು ನಿಮಗೇನು ಗೊತ್ತು?

ನಂಜನಗೂಡು: ಆಯುಷ್ಮಾನ್ ಕಾರ್ಡ್ ನಡೆಯುತ್ತಾ ಸರ್?

ಶ್ರೀರಂಗಪಟ್ಟಣ: ಅಮ್ಮನಿಗೆ ರಾಡ್ ಹಾಕಿ ವಾರ ಆಯಿತು. ಯಾವಾಗ ನಡೆಸಬೇಕು?

ಡಾಕ್ಟರ್: ಆಪರೇಷನ್ ಮಾಡಿದವರು ಬೇಡ ಅಂದಿಲ್ಲ ತಾನೇ? ಹಾಗಿದ್ದರೆ ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಬೇಕಿತ್ತು. ಇವತ್ತೇ ಕೇಳಿ ಶುರು ಮಾಡಿ. ಮಲಗಿದಷ್ಟೂ ತೊಡೆಯ ಶಕ್ತಿ ಕರಗುತ್ತದೆ.

ಟಿ.ನರಸೀಪುರ: ಕೀಲು ಬದಲಿಸಿದ್ದಾರೆ. ನೆಲದ ಮೇಲೆ ಕೂರಬಹುದಾ?

ಡಾಕ್ಟರ್: ಈಗ ಬೇಡ. ಕುಕ್ಕರಗಾಲಲ್ಲಿ ಕೂತರೆ ಕೀಲು ಜಾರಬಹುದು. ಕಮೋಡ್ ಕುರ್ಚಿ ತನ್ನಿ.

ಹುಣಸೂರು: ಅಜ್ಜಿಗೆ 82, ಆಪರೇಷನ್ ಬೇಕಾ?

ಡಾಕ್ಟರ್: ಮೇಲೆ ಓದಿ.

ಕೆ.ಆರ್.ಪೇಟೆ: ಡಾಕ್ಟರಿಗೆ ಕೋಪ ಜಾಸ್ತಿ.

ಡಾಕ್ಟರ್: ಮದ್ದೂರಿನವರೇ, ಹೊರಟಿರಾ?

ಮದ್ದೂರು: ನಮ್ಮ ಯಜಮಾನರು ಕಟ್ಟು ಹಾಕಿಸೋಣ ಅನ್ನುತ್ತಿದ್ದರು. ನೀವು ಬರೆದದ್ದನ್ನು ಓದಿ ಹೇಳಿದೆ. 108ಕ್ಕೆ ಫೋನ್ ಮಾಡಿದ್ದೇವೆ ಸರ್.