ಅಪ್‌ಡೇಟ್: ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಬಿಯರ್‌ನ ಬಣ್ಣ ಮತ್ತು ರುಚಿ ಸುಧಾರಿಸಿದ ಬಗೆ

ಅಮೆರಿಕದ ಒರೆಗಾನ್‌ನಲ್ಲಿರುವ ನಮ್ಮ ಮನೆಯಲ್ಲಿ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್‌ನಿಂದ (ಮೊಳಕೆ ಬರಿಸಿದ ಬಾರ್ಲಿಯ ಗಟ್ಟಿ ಸಿಹಿ ಸಾರ) ತಯಾರಿಸುವ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಏಕೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಕಾಯಿಸಿದ ಬೆಲ್ಲದಂಥ ಭಾರವಾದ ರುಚಿ ಏಕೆ ಉಳಿಯುತ್ತದೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಸಲಹೆಗಳಿಂದಾದ ಫಲವನ್ನು ಇಲ್ಲಿ ತಿಳಿಸುತ್ತಿದ್ದೇನೆ.

ಎಲ್ಲಕ್ಕಿಂತ ಹೆಚ್ಚಿನ ವ್ಯತ್ಯಾಸ ಉಂಟಾದದ್ದು ಎಕ್ಸ್‌ಟ್ರ್ಯಾಕ್ಟ್ ಸೇರಿಸುವ ಸಮಯವನ್ನು ಬದಲಿಸಿದ್ದರಿಂದ. ಗಾಢವಾದ ದ್ರಾವಣ ದೀರ್ಘಕಾಲ ಕುದಿದಾಗ ಅದರಲ್ಲಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವೆ ಮೇಯಾರ್ ಕ್ರಿಯೆ ನಡೆದು ಬಣ್ಣ ಗಾಢವಾಗುತ್ತದೆ. ಆದ್ದರಿಂದ 60 ನಿಮಿಷಗಳ ಕುದಿತದ ಆರಂಭದಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಹಾಕಿ, ಕೊನೆಯ 10 ನಿಮಿಷಗಳಿರುವಾಗ ಒಲೆ ಆರಿಸಿ ಉಳಿದದ್ದನ್ನು ಹಾಕಿ, ತಳ ಹಿಡಿಯದಂತೆ ಉದ್ದನೆಯ ಸೌಟಿನಿಂದ ಪೂರ್ತಿ ಕರಗುವವರೆಗೆ ಕಲಕಿ, ಮತ್ತೆ ಕುದಿಸಿದೆ. ಗ್ಲಾಸಿಗೆ ಸುರಿದಾಗ ತಿಳಿಜೇನಿನ ಬಣ್ಣ ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ. ಆರಂಭದ ದ್ರಾವಣ ತೆಳುವಾಗಿದ್ದಷ್ಟೂ ಹಾಪ್ಸ್‌ನ (ಬಿಯರ್‌ಗೆ ಕಹಿ ಕೊಡುವ ಹೂವು) ಕಹಿ ಹೆಚ್ಚು ಇಳಿಯುವುದರಿಂದ, ಹಾಪ್ಸ್‌ನ ಪ್ರಮಾಣವನ್ನು ಸ್ವಲ್ಪ ತಗ್ಗಿಸಬೇಕೆಂಬ ಸಲಹೆಯೂ ಸರಿಯಾಗಿತ್ತು.

ಕ್ರಿಸ್ಟಲ್ ಮಾಲ್ಟನ್ನು (ಮೊಳಕೆ ಬರಿಸಿ ಹುರಿದ ಸಿಹಿ ಬಾರ್ಲಿ ಕಾಳು) ಬಟ್ಟೆಯ ಚೀಲದಲ್ಲಿ ಕಟ್ಟಿ, ಸುಮಾರು 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿದ್ದರಿಂದ ಧಾನ್ಯದ ತಾಜಾ ಸ್ವಾದವೂ ಬಂದಿದೆ.

ಹುದುಗು ಬರಿಸುವ ಯೀಸ್ಟ್ ವಿಷಯದಲ್ಲಿ ಉಷ್ಣತೆಯೇ ಮುಖ್ಯ ಎಂದು ಹಲವರು ಒತ್ತಿ ಹೇಳಿದ್ದಿರಿ. ಹುದುಗುವಾಗ ದ್ರವ ತಾನೇ ಶಾಖವನ್ನು ಹೊರಸೂಸುವುದರಿಂದ, ಪಾತ್ರೆಯನ್ನು ನೀರು ತುಂಬಿದ ಟಬ್ಬಿನಲ್ಲಿಟ್ಟು, ಮಂಜುಗಟ್ಟಿದ ಬಾಟಲಿಗಳನ್ನು ಬದಲಾಯಿಸುತ್ತಾ 19 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಂಡೆ. ಮೊದಲಿದ್ದ ಘಾಟು ಈಗಿಲ್ಲ. ದ್ರವರೂಪದ ಎಕ್ಸ್‌ಟ್ರ್ಯಾಕ್ಟ್ ಡಬ್ಬಿಯಲ್ಲಿ ಹಳೆಯದಾದಂತೆ ತಾನೇ ಕಪ್ಪಾಗುವುದರಿಂದ, ಮುಂದಿನ ಬಾರಿ ಪುಡಿರೂಪದ್ದನ್ನೇ ಬಳಸಲಿದ್ದೇನೆ.