ಸಹಾಯ ಬೇಕು: ತೆಂಗಿನ ಹುಳದ ಪಾಠ ಮೊಬೈಲಲ್ಲಿ ಹೇಳಿಕೊಡುವುದು ಹೇಗೆ?

ನಮಸ್ಕಾರ. ನಾನು ಕುಮಟಾ ಕಡೆಯವನು. ನಮ್ಮೂರಿನ 22 ತೆಂಗು ಬೆಳೆಗಾರರಿಗೆ ಸಮಗ್ರ ಕೀಟ ನಿರ್ವಹಣೆಯನ್ನು ಆನ್‌ಲೈನಲ್ಲಿ ಕಲಿಸಲು ಹೊರಟಿದ್ದೇನೆ.

ಎರಡು ಸಲ ಜೂಮ್ ಮಾಡಿದೆ. ಮಳೆಗೆ ಕರೆಂಟೂ ಹೋಯಿತು, ನೆಟ್‌ವರ್ಕೂ ಹೋಯಿತು. ಕೊನೆಗೆ ಉಳಿದವರು ನಾನು ಮತ್ತು ಬೆಂಗಳೂರಲ್ಲಿರುವ ಒಬ್ಬರ ಮಗ! ಈಗ ವಾಟ್ಸಾಪ್‌ನಲ್ಲಿ ಎರಡೆರಡು ನಿಮಿಷದ ವಿಡಿಯೊ ಕಳಿಸುತ್ತೇನೆ.

ಕುರುವಾಯಿ ಕೀಟದ (ತಲೆ ಮೇಲೆ ಕೊಂಬಿರುವ ಕಪ್ಪು ದುಂಬಿ) ಪಾಠ ಸುಲಭವಾಯಿತು. ಬಿಚ್ಚಿದ ಗರಿ ಕತ್ತರಿ ಹಾಕಿದ ಹಾಗೆ ಕಾಣುತ್ತದೆ, ಅಲ್ವಾ? ಅದರ ಮರಿಹುಳ ಗೊಬ್ಬರದ ಗುಂಡಿಯಲ್ಲಿ ಬೆಳೆಯುತ್ತದೆ, ಅಲ್ಲಿಗೆ ಮರಿಹುಳಕ್ಕೆ ರೋಗ ತಂದು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಹಾಕಬೇಕು ಅಂದದ್ದೂ ಅರ್ಥವಾಯಿತು.

ಕೆಂಪು ಮೂತಿ ಹುಳದ್ದೇ ಕಷ್ಟ. ಅದು ಕಾಂಡದೊಳಗೇ ತಿನ್ನುತ್ತದೆ. ತೂತಿನಿಂದ ಕಂದು ರಸ ಸೋರುವ ಹೊತ್ತಿಗೆ ಮರದ ಕಥೆ ಜಾಸ್ತಿ ಉಳಿದಿರುವುದಿಲ್ಲ. ಫೋಟೊ ಕಳಿಸಿ ಅಂದರೆ ಒಬ್ಬ ಅಕ್ಕ ಕಳಿಸಿದ್ದರಲ್ಲಿ ಅರ್ಧ ಅವರ ಹೆಬ್ಬೆರಳೇ ಇತ್ತು.

ಕಾಂಡಕ್ಕೆ ಕಿವಿ ಇಟ್ಟರೆ ಹುಳ ಅಗಿಯುವ ಸದ್ದು ಕೇಳುತ್ತದಲ್ಲ, ಅದರ ಒಳ್ಳೆಯ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದೆಯಾ? ಮೋಹಕ ಬಲೆ (ವಾಸನೆಯಿಂದ ಹುಳವನ್ನು ಸೆಳೆದು ಹಿಡಿಯುವ ಬಲೆ) ಕಟ್ಟುವ ಸಣ್ಣ ವಿಡಿಯೊ ಇದ್ದರೂ ಸಾಕು. ಗೂಗಲ್ ಫಾರ್ಮ್ ಮಾತ್ರ ಹೇಳಬೇಡಿ, ಹಿರಿಯರು ತೆರೆಯುವುದೇ ಇಲ್ಲ. ವಾಯ್ಸ್ ಮೆಸೇಜಲ್ಲೇ ಪ್ರಶ್ನೆ ಕೇಳಿ ಪಾಠ ಮಾಡಿದವರಿದ್ದರೆ, ಹೇಗೆ ಮಾಡಿದಿರಿ ತಿಳಿಸಿ.